ಗೋಮಾಳದಲ್ಲಿ ಐದು ವೆಬ್‌ಕ್ಯಾಮ್, ಒಂದು ಪಿಕಪ್

ಗುರುವಾರ

ಹಾಸನದ ಬಳಿ ಮಾದರಿ ವಿಮಾನಗಳ ಕೂಟವೊಂದನ್ನು ಚಿತ್ರೀಕರಿಸಲು ಹೊರಟದ್ದು. ಬೆಂಗಳೂರಿನಿಂದ ಹಾಸನಕ್ಕೆ ಸುಮಾರು 185 ಕಿಲೋಮೀಟರ್. ನೆಲಮಂಗಲದ ಗದ್ದಲ ದಾಟಿದರೆ ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ ಎಲ್ಲ ಸರಾಗ. ಹೊತ್ತು ತಿನ್ನುವುದು ರಸ್ತೆಯಲ್ಲ, ಸಾಮಾನು ತುಂಬುವ ಕೆಲಸ. ಮನೆಯ ಯುಪಿಎಸ್‌ಗೆ ಹಾಕುವ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಎರಡು, ಒಂದೊಂದೂ 50 ಕಿಲೋ ಮೇಲೆ. ಇವನ್ನು ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಿದರೆ ಮುಚ್ಚಳದ ತೂತಿನಿಂದ ಆಸಿಡ್ ಜಿನುಗಿ ಪಕ್ಕದ ಚೀಲವನ್ನು ತಿಂದುಹಾಕುತ್ತದೆ. ಲಿಥಿಯಂ ಬ್ಯಾಟರಿ ಹಗುರ, ನಿಜ. ಆದರೆ ಹಳ್ಳಿಯಲ್ಲಿ ಕೈಕೊಟ್ಟರೆ ಬದಲಿ ಎಲ್ಲಿಂದ ತರುವುದು? ಟ್ಯೂಬುಲರ್ ಆದರೆ ಹಾಸನದ ಯಾವ ಬ್ಯಾಟರಿ ಅಂಗಡಿಗೆ ಹೋದರೂ ಸಿಗುತ್ತದೆ.

ಎರಡೇ ಸಾಕು ಎಂಬ ಲೆಕ್ಕ ಹೀಗೆ: ಐದು ಕ್ಯಾಮೆರಾ ಡಬ್ಬಿಗಳಿಗೆ ತಲಾ 7 ವ್ಯಾಟ್, ಅಂದರೆ 35. ನೆಟ್‌ವರ್ಕ್ ಸ್ವಿಚ್‌ಗೆ 10, 4ಜಿ ರೂಟರ್‌ಗೆ 10, ಲ್ಯಾಪ್‌ಟಾಪ್‌ಗೆ 60, ಮಾನಿಟರ್‌ಗೆ 20. ಒಟ್ಟು 135 ವ್ಯಾಟ್. ದಿನಕ್ಕೆ ಒಂಬತ್ತು ಗಂಟೆಯಂತೆ 1,215 ವ್ಯಾಟ್-ಅವರ್, ಇನ್ವರ್ಟರ್ ನುಂಗುವುದನ್ನು ಸೇರಿಸಿದರೆ 1,400. ಎರಡು ಬ್ಯಾಟರಿಯಲ್ಲಿ ಇರುವುದು 3,600. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬ್ಯಾಟರಿಯ ಆಯಸ್ಸು ಕಡಿಮೆಯಾಗುವುದರಿಂದ 1,800 ಮಾತ್ರ ನಮ್ಮದು ಎಂದುಕೊಳ್ಳಬೇಕು. ಜನರೇಟರ್ ಯಾಕೆ ಬೇಡ ಎಂದರೆ, ಎಂಜಿನ್‌ಗಳ ಸದ್ದನ್ನು ರೆಕಾರ್ಡ್ ಮಾಡಲು ಬಂದವರು ಜನರೇಟರ್ ಸದ್ದನ್ನು ಕಟ್ಟಿಕೊಂಡು ಹೋಗಬೇಕಾಗುತ್ತದೆ.

ಕೂಟ ಸಂಕ್ರಾಂತಿಗೆ ಮುಂಚಿನ ಶನಿವಾರ, ಭಾನುವಾರ. ರಿಮೋಟ್‌ನಲ್ಲಿ ಹಾರಿಸುವ ಮಾದರಿ ವಿಮಾನಗಳದ್ದು. ಹಾರಿಸುವವರ ಬಾಯಲ್ಲಿ ಅದು ‘ಆರ್‌ಸಿ ಮೀಟ್’. ಹಾಸನದಿಂದ ಹಳೇಬೀಡಿನ ಕಡೆ ಹೊರಟು, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನ ದೊಡ್ಡ ಡಿಶ್‌ಗಳನ್ನು ಹಿಂದೆ ಬಿಟ್ಟು ಬಹಳ ದೂರ ಬಂದ ಮೇಲೆ ಸಿಗುವ ಒಂದು ಗೋಮಾಳ. ರಾಗಿ ಕೊಯ್ಲು ಮುಗಿದು ಸುತ್ತ ಹೊಲಗಳಲ್ಲಿ ಬರೀ ಕೂಳೆ, ಬದುಗಳಲ್ಲಿ ಮೆದೆ. ಮಳೆಯ ಭಯವಿಲ್ಲ. ಬೆಳಗಿನ ಮೂಡಣ ಗಾಳಿ ಹದವಾಗಿ ಬೀಸುತ್ತದೆ. ಜಾಗ ಗೊತ್ತುಮಾಡುವ ಮೊದಲು ಸರ್ಕಾರದ ಡ್ರೋನ್ ನಕ್ಷೆಯಾದ ಡಿಜಿಟಲ್ ಸ್ಕೈನಲ್ಲಿ ಅದು ಹಾರಿಸಲು ಅಡ್ಡಿಯಿಲ್ಲದ ಹಸಿರು ವಲಯವೇ ಎಂದು ನೋಡಿಕೊಂಡಿರಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ ಎತ್ತರದ ಮಿತಿ 400 ಅಡಿ. ಎಂಸಿಎಫ್ ಇರುವ ಊರಿನಲ್ಲಿ, ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಕೆಲಸ ಹಿಡಿದಿರುವ ಊರಿನಲ್ಲಿ ‘ಯಾರು ನೋಡ್ತಾರೆ’ ಅನ್ನುವ ಮಾತು ನಡೆಯದು. ಪಂಚಾಯಿತಿಗೂ ಪೊಲೀಸ್ ಠಾಣೆಗೂ ಕೊಟ್ಟ ಪತ್ರದ ನಕಲು ಗಾಡಿಯಲ್ಲೇ ಇರಲಿ.

ಡ್ರೋನ್ ಕ್ಯಾಮೆರಾ ಯಾಕೆ ತರಲಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ವಿಮಾನಗಳು ಹಾರುವ ಗಾಳಿಯಲ್ಲೇ ಇನ್ನೊಂದು ಯಂತ್ರ ಬಿಟ್ಟರೆ ಡಿಕ್ಕಿಯ ಭಯ, ಅದನ್ನು ಕಾಯಲು ಇನ್ನೊಬ್ಬ ಮನುಷ್ಯ. ಐದು ಅಗ್ಗದ ಕಣ್ಣು ನೆಲದಲ್ಲಿ, ಒಂದು ಒಳ್ಳೆಯ ಕಣ್ಣು ಗಾಡಿಯ ಮೇಲೆ. ಇಷ್ಟಿದ್ದರೆ ಸಾಕು.

ಸಂಜೆ ಗೋಮಾಳಕ್ಕೆ ಬಂದಾಗ ಟ್ರ್ಯಾಕ್ಟರ್ ರೋಲರ್ ಹೊಡೆದು ಪೂರ್ವ-ಪಶ್ಚಿಮವಾಗಿ 200 ಮೀಟರ್ ಉದ್ದದ ರನ್‌ವೇ ಪಟ್ಟಿ ಸಿದ್ಧವಾಗಿತ್ತು. ಶಾಮಿಯಾನದವರು ಮಾತ್ರ ಉತ್ತರದ ಅಂಚಿನಲ್ಲಿ ಕಂಬ ನೆಟ್ಟುಬಿಟ್ಟಿದ್ದರು. “ರಸ್ತೆ ಈ ಕಡೇಗೈತೆ ಸಾರ್, ಜನಕ್ಕೆ ಸಲೀಸಲ್ವಾ?” ಎಂಬುದು ಅವರ ವಾದ. ಹಾಸನ ಇರುವುದು 13 ಡಿಗ್ರಿ ಉತ್ತರದಲ್ಲಿ. ಜನವರಿಯಲ್ಲಿ ಸೂರ್ಯ ಆಗ್ನೇಯದಲ್ಲಿ ಹುಟ್ಟಿ, ನಡುಮಧ್ಯಾಹ್ನದಲ್ಲೂ ದಕ್ಷಿಣಕ್ಕೇ ವಾಲಿಕೊಂಡು 56 ಡಿಗ್ರಿ ಎತ್ತರದಲ್ಲಿ ನಿಂತು, ನೈಋತ್ಯದಲ್ಲಿ ಇಳಿಯುತ್ತಾನೆ. ಅಂದರೆ ಉತ್ತರದ ಅಂಚಿನಲ್ಲಿ ನಿಂತವನ ಕಣ್ಣಿಗೆ ದಿನವಿಡೀ ಬಿಸಿಲು. ಅಲ್ಲಿಂದ ತೆಗೆದ ಚಿತ್ರದಲ್ಲಿ ವಿಮಾನ ಬರೀ ಕಪ್ಪು ಕಾಗೆ. ದಕ್ಷಿಣದ ಅಂಚಿನಲ್ಲಿ ನಿಂತು ಉತ್ತರಕ್ಕೆ ಮುಖ ಮಾಡಿದರೆ ಬೆಳಿಗ್ಗೆಯಿಂದ ಸಂಜೆವರೆಗೆ ಬೆಳಕು ಬೆನ್ನಿಗೆ, ರೆಕ್ಕೆಯ ಬಣ್ಣ ಬಣ್ಣವಾಗಿಯೇ ಕಾಣುತ್ತದೆ. ಕ್ಯಾಮೆರಾದ ಮಾತಿಗೆ ಯಾರೂ ಕರಗಲಿಲ್ಲ. ಸೂರ್ಯನಿಗೆ ಅಡ್ಡ ಬಂದ ವಿಮಾನ ಅರೆಗಳಿಗೆ ಪೈಲಟ್‌ನ ಕಣ್ಣಿಗೇ ಕಾಣುವುದಿಲ್ಲ, ಆಮೇಲೆ ಜನರ ತಲೆಯ ಮೇಲೇ ಬರಬಹುದು ಎಂದಾಗ ಕಂಬಗಳು ಕಿತ್ತು ದಕ್ಷಿಣಕ್ಕೆ ಬಂದವು.

ಇಡೀ ಕೆಲಸದಲ್ಲಿ ಇದರಷ್ಟು ಲಾಭದ ಅರ್ಧ ಗಂಟೆ ಇನ್ನೊಂದಿಲ್ಲ. ಲಕ್ಷ ರೂಪಾಯಿಯ ಲೆನ್ಸ್ ಕೂಡ ತಪ್ಪು ಅಂಚಿನಲ್ಲಿ ನಿಂತರೆ ದಂಡ.

ಶುಕ್ರವಾರ

ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು ಮುಗಿಸಿ ತಂತಿ ಎಳೆಯುವ ಕೆಲಸ.

ವೈಫೈ ಇರುವಾಗ ತಂತಿ ಯಾಕೆ? ಹಾರಿಸುವವರ ರಿಮೋಟ್‌ಗಳೆಲ್ಲ ನಡೆಯುವುದು 2.4 ಗಿಗಾಹರ್ಟ್ಸ್‌ನಲ್ಲಿ. ವೈಫೈ ಕೂಡ ಅಲ್ಲೇ. ಈಗಿನ ರಿಮೋಟ್‌ಗಳು ಚಾನೆಲ್‌ನಿಂದ ಚಾನೆಲ್‌ಗೆ ನೆಗೆಯುತ್ತ ಬಚಾವಾಗುತ್ತವೆ, ಆದರೆ ಪೈಲಟ್‌ಗಳ ಬೆನ್ನಿಗೇ ಐದು ವೈಫೈ ಡಬ್ಬಿ ಇಟ್ಟು ಅವುಗಳ ತಾಳ್ಮೆ ಪರೀಕ್ಷಿಸುವ ಅಗತ್ಯವಿಲ್ಲ. 5.8ಕ್ಕೆ ಹೋಗೋಣವೆಂದರೆ ವಿಮಾನದಲ್ಲೇ ಕ್ಯಾಮೆರಾ ಕಟ್ಟಿ ಕನ್ನಡಕದಲ್ಲಿ ನೋಡಿ ಹಾರಿಸುವವರು ಅಲ್ಲಿದ್ದಾರೆ. ಆದ್ದರಿಂದ ರೂಟರ್‌ನ ವೈಫೈ ಬಂದ್. ಎಲ್ಲ ಕ್ಯಾಟ್-6 ಕೇಬಲ್. 305 ಮೀಟರಿನ ಒಂದು ಡಬ್ಬದಲ್ಲಿ ಐದೂ ಕ್ಯಾಮೆರಾ ಮುಗಿದವು, ಯಾವ ಎಳೆಯೂ 90 ಮೀಟರ್ ದಾಟಲಿಲ್ಲ. ಈಥರ್ನೆಟ್‌ನ ಮಿತಿ 100.

ಯುಎಸ್‌ಬಿ ಕೇಬಲನ್ನೇ ಉದ್ದ ಮಾಡಿ ವೆಬ್‌ಕ್ಯಾಮ್‌ಗಳನ್ನೆಲ್ಲ ಲ್ಯಾಪ್‌ಟಾಪ್‌ಗೆ ಚುಚ್ಚುವ ಆಸೆ ಮೊದಲ ಸಲದವರಿಗೆಲ್ಲ ಬರುತ್ತದೆ. ಯುಎಸ್‌ಬಿ 2ರ ಕೇಬಲ್ 5 ಮೀಟರ್ ದಾಟಬಾರದು. ಅದು ಸಾಲದೆಂಬಂತೆ, ಒಂದೇ ಕ್ಯಾಮೆರಾದ 1080 ಚಿತ್ರ ಸೆಕೆಂಡಿಗೆ 30ರಂತೆ ಹಿಂಡದೆ ಹರಿದರೆ ಬೇಕಾಗುವುದು ಸುಮಾರು 1,000 ಮೆಗಾಬಿಟ್, ದಾರಿಯ ಅಗಲ 480. ಚಿತ್ರ ಹಿಂಡಿ ಕಳಿಸುವ ಎಂಜೆಪೆಗ್‌ಗೆ ಬದಲಿಸಿದರೆ ಒಂದು ಕ್ಯಾಮೆರಾ ನಡೆಯುತ್ತದೆ, ಎರಡನೆಯದು ಹಾಕಿದೊಡನೆ ‘ಜಾಗವಿಲ್ಲ’ ಎಂಬ ಸಂದೇಶ ಬರುವುದುಂಟು. ಎಷ್ಟೋ ಜನ ಹಾರ್ಡ್‌ಡಿಸ್ಕ್ ಖಾಲಿ ಮಾಡುತ್ತ ಕೂರುತ್ತಾರೆ. ಜಾಗ ಇಲ್ಲದಿರುವುದು ಡಿಸ್ಕ್‌ನಲ್ಲಲ್ಲ, ಯುಎಸ್‌ಬಿಯಲ್ಲಿ.

ಹಾಗಾಗಿ ಕ್ಯಾಮೆರಾಗೊಂದು ರಾಸ್ಪ್‌ಬೆರಿ ಪೈ 4, ಅಂಗೈಯಗಲದ ಕಂಪ್ಯೂಟರ್. ಎಲೆಕ್ಟ್ರಿಕಲ್ ಅಂಗಡಿಯ ಪಿವಿಸಿ ಜಂಕ್ಷನ್ ಬಾಕ್ಸ್, ಒಳಗೆ ಪೈ, ಅದರ ಪಕ್ಕ 48 ವೋಲ್ಟನ್ನು 5ಕ್ಕೆ ಇಳಿಸುವ ಸ್ಪ್ಲಿಟರ್. ಕೇಬಲ್‌ನಲ್ಲೇ ವಿದ್ಯುತ್ತೂ ಹೋಗುತ್ತದೆ. 5 ವೋಲ್ಟನ್ನೇ ನೇರ ಕಳಿಸೋಣ, ಸ್ಪ್ಲಿಟರ್ ಖರ್ಚು ಉಳಿಸೋಣ ಎಂದರೆ ಆಗದು. ಆ ಸಣ್ಣ ತಂತಿಯ ಒಂದು ಜೋಡಿಯಲ್ಲಿ 30 ಮೀಟರ್ ಹೋಗಿ ಬರುವಷ್ಟರಲ್ಲಿ 5 ಓಮ್, 1.2 ಆಂಪಿಯರ್ ಎಳೆದರೆ 6 ವೋಲ್ಟ್ ದಾರಿಯಲ್ಲೇ ಖರ್ಚು. ಇರುವುದೇ 5! ಕೇಬಲ್ ಕೊಳ್ಳುವಾಗ ಶುದ್ಧ ತಾಮ್ರದ್ದೇ ಕೇಳಬೇಕು. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದು ಅರ್ಧ ಬೆಲೆಗೆ ಸಿಕ್ಕರೂ ಕನೆಕ್ಟರ್ ಬುಡದಲ್ಲಿ ನಾಲ್ಕು ಸಲ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಗೋಮಾಳ ಅಂದ ಮೇಲೆ ದನ ಬಂದೇ ಬರುತ್ತವೆ, ತುಳಿದೇ ತುಳಿಯುತ್ತವೆ. ಗುದ್ದಲಿಯಲ್ಲಿ ನಾಲ್ಕು ಬೆರಳು ಆಳದ ಸಾಲು ತೆಗೆದು ಕೇಬಲ್ ಮುಚ್ಚಿ, ಗಾಡಿ ದಾಟುವಲ್ಲಿ ಮಾತ್ರ 1 ಇಂಚಿನ ಪೈಪಿನೊಳಗೆ ತೂರಿಸಿದ್ದಾಯಿತು.

ಕ್ಯಾಮೆರಾ ಕೂತದ್ದು 3 ಇಂಚಿನ ಪಿವಿಸಿ ಪೈಪಿನ ತುಂಡಿನೊಳಗೆ, ಮುಂಭಾಗ ಒಂದು ಗೇಣು ಚಾಚಿದಂತೆ. ಒಂದು ವಿಮಾನ ಸಜ್ಜುಮಾಡುವ ಪಿಟ್‌ನ ಮೇಜುಗಳ ಮೇಲೆ, ಒಂದು ಪೈಲಟ್‌ಗಳು ನಿಲ್ಲುವ ಜಾಗಕ್ಕೆ, ಒಂದು ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಕಾಣುವಂತೆ, ಒಂದು ವಿಮಾನ ಇಳಿಯುವ ಪಶ್ಚಿಮದ ತುದಿಯಲ್ಲಿ ನೆಲಮಟ್ಟಕ್ಕೆ, ಐದನೆಯದು 6 ಮೀಟರ್ ಬಿದಿರು ಗಳದ ಮೇಲೆ ಇಡೀ ಆಕಾಶಕ್ಕೆ. ಬಿದಿರು ತೂಗುತ್ತದೆ, ಮೂರು ಕಡೆ ಹಗ್ಗ ಬಿಗಿಯಲೇಬೇಕು. ಡಬ್ಬಿ ಬಿಸಿಲಿಗೆ ಕಾದು ಪೈ 80 ಡಿಗ್ರಿ ಮುಟ್ಟಿದರೆ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಚಿತ್ರ ಕುಂಟುತ್ತದೆ. ಇದಕ್ಕೆ ಅಡಿಕೆ ಹಾಳೆಗಿಂತ ಒಳ್ಳೆಯ ಮದ್ದು ಕಾಣೆ. ಡಬ್ಬಿಗೂ ಹಾಳೆಗೂ ನಡುವೆ ಒಂದಂಗುಲ ಗಾಳಿ ಆಡುವಂತೆ ಕಟ್ಟಿದರೆ ಆಯಿತು, ಕಾಸೂ ಇಲ್ಲ.

ವೆಬ್‌ಕ್ಯಾಮ್ ಹುಟ್ಟಿದ್ದು ಮೇಜಿನ ಮುಂದೆ ಕೂತ ಮುಖ ತೋರಿಸಲು. ಬಯಲಿಗೆ ತಂದರೆ ಅದರ ಬುದ್ಧಿವಂತಿಕೆಯನ್ನೆಲ್ಲ ಒಂದೊಂದಾಗಿ ಕಸಿದುಕೊಳ್ಳಬೇಕು. ಮೊದಲು ಆಟೋಫೋಕಸ್. ಬರೀ ಆಕಾಶ ಕಂಡರೆ ಅದಕ್ಕೆ ಹಿಡಿಯಲು ಏನೂ ಸಿಗದೆ ಹಿಂದೆ ಮುಂದೆ ತಡಕಾಡುತ್ತದೆ. ಪೈನಲ್ಲಿ ಕ್ಯಾಮೆರಾ ಹದ ಮಾಡುವ ವಿ4ಎಲ್2-ಸಿಟಿಎಲ್ ಎಂಬ ಆಜ್ಞೆಯಲ್ಲಿ ಅದನ್ನು ಆರಿಸಿ, ನಮ್ಮಲ್ಲಿದ್ದ ಲಾಜಿಟೆಕ್ ಸಿ920ಗಳಿಗೆ ಫೋಕಸ್ ಸಂಖ್ಯೆ 0 ಕೊಟ್ಟರೆ ದೂರಕ್ಕೆ ನಿಲ್ಲುತ್ತದೆ. ಎರಡನೆಯದು ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಹದ. ಕೆಂಪು ಮಣ್ಣು ಚೌಕಟ್ಟಿನ ಅರ್ಧ ತುಂಬಿದರೆ ಕ್ಯಾಮೆರಾ ಅದನ್ನು ಸರಿದೂಗಿಸಲು ಹೋಗಿ ಎಲ್ಲರ ಮುಖಕ್ಕೂ ನೀಲಿ ಬಳಿಯುತ್ತದೆ. 5200 ಕೆಲ್ವಿನ್‌ಗೆ ಬೀಗ. ಮೂರನೆಯದು ಎಕ್ಸ್‌ಪೋಷರ್, ಇಲ್ಲೇ ದೊಡ್ಡ ತಕರಾರು. ವೆಬ್‌ಕ್ಯಾಮ್ ಲೆನ್ಸ್‌ಗೆ ಬೆಳಕು ತಡೆಯುವ ಪರದೆ ಇಲ್ಲ. ಬಿಸಿಲಲ್ಲಿ ಶಟರ್ ಒಂದು ಸೆಕೆಂಡಿನ ಸಾವಿರ-ಎರಡು ಸಾವಿರದ ಒಂದು ಪಾಲಿಗೆ ಓಡಿಹೋಗುತ್ತದೆ. ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಪ್ರೊಪೆಲರ್ ತಿರುಗಿರುತ್ತದೆ. ಫಲ, ಮೂಗಿನ ಮುಂದೆ ಬಾಳೆಹಣ್ಣಿನಂತೆ ಬಾಗಿದ ಅಲಗುಗಳು ತೇಲುತ್ತವೆ. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಮನ್ನು ಉಗುರಗಲ ಕತ್ತರಿಸಿ ಲೆನ್ಸ್‌ಗೆ ಅಂಟಿಸಿದರೆ ಶಟರ್ ನಿಧಾನವಾಗಿ, ಪ್ರೊಪೆಲರ್ ಮತ್ತೆ ಮಸುಕು ಚಕ್ರವಾಗುತ್ತದೆ.

ಸಂಜೆ ಗಾಡಿಯ ಸರದಿ. ನಾಲ್ಕು ಸಿಲಿಂಡರಿನ ಡೀಸೆಲ್ ಪಿಕಪ್, ಹಳ್ಳಿಯದೇ, ಓಡಿಸುವವರು ಆಲೂಗೆಡ್ಡೆ ಮೂಟೆ ಸಾಗಿಸಿ ಪಳಗಿದ ಕೈ. ಹಿಂದಿನ ತೊಟ್ಟಿಯಲ್ಲಿ ಕಬ್ಬಿಣದ ಚೌಕಟ್ಟು, ಅದರ ಮೇಲೆ ನಡುಕ ನುಂಗುವ ನಾಲ್ಕು ವೈರ್-ರೋಪ್ ಐಸೊಲೇಟರ್, ಅವುಗಳ ಮೇಲೆ ತಟ್ಟೆ, ತಟ್ಟೆಯ ಮೇಲೆ ಕ್ಯಾಮೆರಾವನ್ನು ಮೋಟರ್‌ಗಳಿಂದ ನೆಟ್ಟಗೆ ಹಿಡಿಯುವ ಮೂರು ಅಕ್ಷದ ಗಿಂಬಲ್ ಮತ್ತು ಕ್ಯಾಮೆರಾ. ಒಟ್ಟು ಸುಮಾರು 6 ಕಿಲೋ. ಗಿಂಬಲ್ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದು ತಡೆಯುವುದು ಓಲಾಟವನ್ನು, ಅಂದರೆ ತಿರುಗುವ ಚಲನೆಯನ್ನು. ಎಂಜಿನ್ನಿನ ಜುಮುಗುಡುವಿಕೆ ಅದರ ಮೋಟರಿನ ಕೈಗೆ ಸಿಗದಷ್ಟು ವೇಗದ್ದು. ಮೇಲೆ ಕೆಳಗೆ ಎತ್ತಿಹಾಕುವ ಕುಲುಕಾಟವಂತೂ ಅದರ ಲೆಕ್ಕದಲ್ಲೇ ಇಲ್ಲ.

ಪರೀಕ್ಷೆಗೆ ಒಂದು ಸುತ್ತು ಹೊಡೆದರೆ ಚಿತ್ರ ಪೂರ್ತಿ ಹಲ್ವದಂತೆ ನಡುಗುತ್ತಿತ್ತು. ಗಾಡಿ ನಿಂತು ಎಂಜಿನ್ ಮಾತ್ರ ಓಡುತ್ತಿದ್ದಾಗಲೇ ನಡುಕ ಹೆಚ್ಚು. ಕಾರಣ ಲೆಕ್ಕದಲ್ಲೇ ಇದೆ. ನಿಮಿಷಕ್ಕೆ 800 ಸುತ್ತಿನ ಐಡಲ್‌ನಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್ ಸೆಕೆಂಡಿಗೆ ಸುಮಾರು 27 ಸಲ ಗುದ್ದುತ್ತದೆ. ಐಸೊಲೇಟರ್ ಆ ಗುದ್ದನ್ನು ನುಂಗಬೇಕಾದರೆ ಅದರ ಸ್ವಂತ ಕಂಪನ ಇದರ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಿರಬಾರದು. ಸ್ವಂತ ಕಂಪನ ಗೊತ್ತುಮಾಡಲು ಯಂತ್ರ ಬೇಡ, ಸ್ಕೇಲ್ ಸಾಕು. ಭಾರ ಹಾಕಿದಾಗ ಐಸೊಲೇಟರ್ ಎಷ್ಟು ಕುಗ್ಗಿತು ಎಂದು ಅಳೆದರೆ ಆಯಿತು. 1 ಮಿಲಿಮೀಟರ್ ಕುಗ್ಗಿದರೆ ಸೆಕೆಂಡಿಗೆ 16 ಸಲ, 5 ಮಿಲಿಮೀಟರ್ ಕುಗ್ಗಿದರೆ 7 ಸಲ. ನಮ್ಮದು ಕುಗ್ಗಿದ್ದು ಒಂದೇ ಮಿಲಿಮೀಟರ್. ಅಂದರೆ ಎಂಜಿನ್ನಿನ ನಡುಕದ ಅರ್ಧಕ್ಕೂ ಹೆಚ್ಚು ಭಾಗ ಸೀದಾ ಕ್ಯಾಮೆರಾಗೆ. ಐಸೊಲೇಟರ್ ಕೊಟ್ಟವರು 30 ಕಿಲೋ ಹೊರುವಂಥದ್ದನ್ನು ಕಳಿಸಿದ್ದರು, ಗಟ್ಟಿ ಇದ್ದಷ್ಟೂ ಒಳ್ಳೆಯದೆಂದು.

ಶುಕ್ರವಾರ ಸಂಜೆ ಮೆದುವಾದ ಐಸೊಲೇಟರ್ ಎಲ್ಲೂ ಸಿಗದು. ಐಸೊಲೇಟರ್ ಮೆದುವಾಗದಿದ್ದರೆ ಭಾರವಾದರೂ ಹೆಚ್ಚಬೇಕು. ಹಳ್ಳಿಯ ಕಾಳು ಮಂಡಿಯಲ್ಲಿ 10 ಕಿಲೋ ತೂಕದ ಬಟ್ಟು ಎರಡು ಸಿಕ್ಕವು. “ತಗೊಂಡ್ ಹೋಗಿ ಸಾರ್, ಸೋಮವಾರ ಹೊತ್ತಾರೆ ತಂದ್ಕೊಟ್ಬಿಡಿ, ಜೋಳ ತೂಗೋದೈತೆ” ಅಂದರು ಯಜಮಾನರು. ತಟ್ಟೆಯ ಮೇಲೆ ಹಳೇ ಟ್ಯೂಬಿನ ರಬ್ಬರ್, ಅದರ ಮೇಲೆ ಬಟ್ಟುಗಳು, ಮೇಲಿಂದ ರ‍್ಯಾಚೆಟ್ ಬೆಲ್ಟ್ ಕಿರುಗುಟ್ಟುವವರೆಗೆ ಬಿಗಿತ. ಸಡಿಲ ಬಿಟ್ಟರೆ ಅವೇ ಗಲಗಲ ಎಂದು ಹೊಸ ನಡುಕ ಹುಟ್ಟಿಸುತ್ತವೆ. ಈಗ 26 ಕಿಲೋ, ಕುಗ್ಗಿದ್ದು 4 ಮಿಲಿಮೀಟರಿಗಿಂತ ಚೂರು ಹೆಚ್ಚು, ಹಾಯುವ ನಡುಕ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಚಿತ್ರ ನಿಂತಿತು.

ಉಳಿದದ್ದು ಗುಂಡಿಗಳ ಎತ್ತಿಹಾಕುವಿಕೆ. ಖಾಲಿ ಪಿಕಪ್‌ನ ಹಿಂದಿನ ಪಟ್ಟಾ ಸ್ಪ್ರಿಂಗ್ ಬಗ್ಗುವುದೇ ಇಲ್ಲ, ಅದು ಟನ್‌ಗಟ್ಟಲೆ ಭಾರಕ್ಕೆಂದು ಮಾಡಿದ್ದು. ಟೈರ್ ಗಾಳಿ ಇಳಿಸೋಣ ಎಂಬ ಸಲಹೆಯನ್ನು ಡ್ರೈವರಣ್ಣ ಒಪ್ಪಲಿಲ್ಲ, “ನಾಳೆ ರಿಮ್ಮು ಬಗ್ಗಿದ್ರೆ ನೀವ್ ಕೊಡ್ತೀರಾ?” ಅಂದರು. ಬದಲಿಗೆ ಹಿಂದಿನ ಅಚ್ಚಿನ ಮೇಲೆ 50 ಕಿಲೋ ಮರಳು ಚೀಲ ಆರು ಹಾಕಿಸಿದರು. ಅವರದೇ ಸರಿ. ಆಲೂಗೆಡ್ಡೆ ಸಾಗಿಸಿದವರಿಗೆ ಸ್ಪ್ರಿಂಗ್ ಗೊತ್ತು.

ಶನಿವಾರ

ಬೆಳಿಗ್ಗೆ 6 ಗಂಟೆಗೆ ಮಂಜು. ಐದರಲ್ಲಿ ನಾಲ್ಕು ವೆಬ್‌ಕ್ಯಾಮ್ ಕುರುಡು, ಲೆನ್ಸ್ ತುಂಬ ಇಬ್ಬನಿ. ಒರೆಸಿದರೆ ಹತ್ತು ನಿಮಿಷಕ್ಕೆ ಮತ್ತೆ. ರಾತ್ರಿ ಬಯಲಾಕಾಶಕ್ಕೆ ಮುಖ ಮಾಡಿದ ಗಾಜು ಸುತ್ತಲ ಗಾಳಿಗಿಂತ ತಣ್ಣಗಾಗುವುದರಿಂದ ಹೀಗೆ. ಮದ್ದು ಸಣ್ಣದು: 47 ಓಮ್, 1 ವ್ಯಾಟಿನ ರೆಸಿಸ್ಟರ್ ಎರಡನ್ನು ಪಕ್ಕಪಕ್ಕ ಜೋಡಿಸಿ 5 ವೋಲ್ಟ್ ಕೊಟ್ಟರೆ ಸುಮಾರು 1 ವ್ಯಾಟ್ ಶಾಖ. ಲೆನ್ಸ್ ಬಳೆಯ ಕೆಳಗೆ ಇನ್ಸುಲೇಷನ್ ಟೇಪಿನಲ್ಲಿ ಸುತ್ತಿದರೆ ಗಾಜು ಗಾಳಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿರುತ್ತದೆ, ಇಬ್ಬನಿ ಕೂರುವುದಿಲ್ಲ. ಐದನೆಯ ಕ್ಯಾಮೆರಾಗೆ ಹಿಂದಿನ ದಿನವೇ ಇದನ್ನು ಹಾಕಿತ್ತು, ಅದೊಂದೇ ನಿಚ್ಚಳ. ಉಳಿದವಕ್ಕೂ ಹಾಕಬೇಕಿತ್ತು, ಬೆಸುಗೆ ಹಾಕುವವರಿಗೆ ನಿದ್ದೆ ಬಂದಿತ್ತು.

ಇನ್ನೊಂದು ಎಡವಟ್ಟು ಗಡಿಯಾರದ್ದು. ಪೈ 4ರಲ್ಲಿ ಬ್ಯಾಟರಿಯ ಗಡಿಯಾರವಿಲ್ಲ. ಚಾಲೂ ಆದಾಗ ಇಂಟರ್ನೆಟ್ ಇಲ್ಲದಿದ್ದರೆ ಹಿಂದೆಂದೋ ಆರಿದ ಹೊತ್ತನ್ನೇ ಹಿಡಿದು ಹೊರಡುತ್ತದೆ. ಐದು ಕಡತಗಳಲ್ಲಿ ಐದು ವೇಳೆ, ಆಮೇಲೆ ಜೋಡಿಸುವವನ ಪಾಡು ನಾಯಿಪಾಡು. ಲ್ಯಾಪ್‌ಟಾಪ್‌ನಲ್ಲಿ ಗಡಿಯಾರ ಹೊಂದಿಸುವ ಕ್ರೋನಿ ಎಂಬ ತಂತ್ರಾಂಶ ನಡೆಸಿ ಐದೂ ಪೈಗಳಿಗೆ ಅದೇ ಗಡಿಯಾರ ಎಂದು ಹೇಳಿದ್ದಾಯಿತು. ಜೊತೆಗೆ ಹಳೇ ಪದ್ಧತಿಯೂ ಇರಲಿ ಎಂದು ಒಬ್ಬರು ಪ್ರತಿ ಕ್ಯಾಮೆರಾ ಮುಂದೆ ಹೋಗಿ ಫೋನಿನ ಸೆಕೆಂಡ್ ಗಡಿಯಾರ ಹಿಡಿದು ಬಂದರು.

8 ಗಂಟೆಗೆ ಹಾರಾಟ. ಮೊದಲ ಗಂಟೆಯ ಒಳ್ಳೆಯ ಚಿತ್ರವೆಲ್ಲ ಪಿಟ್ ಕ್ಯಾಮೆರಾದ್ದು. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬಂದವರ ಎಂಜಿನ್‌ಗಳು ಕೆಮ್ಮುತ್ತಿದ್ದವು. ಸಮುದ್ರದ ಮಟ್ಟದಲ್ಲಿ ಹದ ಮಾಡಿದ ಎಂಜಿನ್ನಿಗೆ ಹಾಸನದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಗಾಳಿ ಕಡಿಮೆ. ಇಂಧನ ಅಷ್ಟೇ ಹರಿದರೆ ಹೊಗೆ. ಇಂಧನ ತಗ್ಗಿಸಲು ನೀಡಲ್ ಸ್ಕ್ರೂವನ್ನು ಚೂರು ಚೂರೇ ಒಳಗೆ ತಿರುವುತ್ತ, ವಿಮಾನದ ಮೂಗನ್ನು ಆಕಾಶಕ್ಕೆತ್ತಿ ಕಿವಿಗೊಟ್ಟು ಕೇಳುವ ಆ ಮುಖಗಳು ಹಾರಾಟದಷ್ಟೇ ನೋಡಲು ಚೆಂದ. ಬೆಂಗಳೂರಿನವರಿಗೆ ಈ ಕಷ್ಟವಿಲ್ಲ, ಊರು ಹೆಚ್ಚುಕಡಿಮೆ ಇದೇ ಎತ್ತರ.

ಪಿಕಪ್‌ನ ಕೆಲಸ ಒಂದೇ: ನೆಲ ಬಿಡುವ ಗಳಿಗೆ. ಪಟ್ಟಿಯ ಪಕ್ಕ ನಿಂತ ಕ್ಯಾಮೆರಾದಿಂದ 25 ಮೀಟರ್ ದೂರದಲ್ಲಿ ಗಂಟೆಗೆ 36 ಕಿಲೋಮೀಟರ್ ವೇಗದ ವಿಮಾನ ಹಾದರೆ ಸೆಕೆಂಡಿಗೆ 23 ಡಿಗ್ರಿ ತಿರುಗಬೇಕು. ನಮ್ಮ ಕ್ಯಾಮೆರಾದಲ್ಲಿ 70 ಮಿಲಿಮೀಟರ್ ಲೆನ್ಸ್ ಕಾಣುವುದೇ ಸುಮಾರು 19 ಡಿಗ್ರಿ. ಚೌಕಟ್ಟಿನ ಈ ತುದಿಯಿಂದ ಆ ತುದಿಗೆ ಒಂದು ಸೆಕೆಂಡೂ ಇಲ್ಲ. ಗಾಡಿ ಜೊತೆಜೊತೆಗೆ ಓಡಿ ವೇಗದ ವ್ಯತ್ಯಾಸ ಸೆಕೆಂಡಿಗೆ 2 ಮೀಟರಿಗೆ ಇಳಿದರೆ 5 ಡಿಗ್ರಿಯೂ ತಿರುಗಬೇಕಿಲ್ಲ. ಆಗ ವಿಮಾನ ನಿಂತಂತೆ, ಹಿಂದಿನ ರಾಗಿ ಮೆದೆಗಳು ಓಡಿದಂತೆ. ಚಕ್ರ ನೆಲ ಬಿಟ್ಟ ಮೇಲೂ ಗಿರ್ರನೆ ತಿರುಗುತ್ತಿರುವುದು, ಬಾಲದ ಚುಕ್ಕಾಣಿ ಎಡಕ್ಕೂ ಬಲಕ್ಕೂ ನಡುಗುವುದು ಇಂಥಲ್ಲಿ ಮಾತ್ರ ಕಾಣಸಿಗುತ್ತದೆ.

ಪೈಲಟ್‌ಗಳು ನಿಲ್ಲುವುದು ಪಟ್ಟಿಯ ನಡುಮಧ್ಯದಲ್ಲಿ, ದಕ್ಷಿಣದ ಅಂಚಿಗೆ. ಗಾಡಿ ಅವರ ಮುಂದೆ ಎಂದೂ ಹೋಗಕೂಡದು, ಅವರ ಕಣ್ಣಿಗೆ ಅಡ್ಡ ಬರಕೂಡದು. ಹಾಗಾಗಿ ಓಟ ಪಶ್ಚಿಮದ ಅರ್ಧದಲ್ಲಿ ಮಾತ್ರ, ಕ್ಯಾಮೆರಾ ಈಶಾನ್ಯಕ್ಕೆ. ಗಾಳಿ ಪೂರ್ವದ್ದಾದ್ದರಿಂದ ಏರುವುದೂ ಇಳಿಯುವುದೂ ಪೂರ್ವಾಭಿಮುಖವಾಗಿ, ಗಾಡಿಯ ಧೂಳು ಹಿಂದಕ್ಕೆ. ಪಟ್ಟಿಯ ತುದಿಗಿಂತ ಹಿಂದಿನಿಂದ ಹೊರಟರೂ ಸಿಗುವುದು 120 ಮೀಟರ್. ಅದರಲ್ಲಿ ವೇಗ ಹಿಡಿಯಲು 45 ಮೀಟರ್, ನಿಲ್ಲಿಸಲು ಒಂದಿಷ್ಟು. ಕೆಲಸಕ್ಕೆ ಬರುವ ಚಿತ್ರ ಆರು ಸೆಕೆಂಡ್. ಅಷ್ಟಕ್ಕಾಗಿ ಇಷ್ಟು ಮರಳು ಹೊತ್ತದ್ದು.

ಗಿಂಬಲ್ ತೂಕ ಹೊಂದಿಸುವಾಗ ಬ್ಯಾಟರಿ, ಕಾರ್ಡ್, ಫಿಲ್ಟರ್ ಎಲ್ಲ ಹಾಕಿರಬೇಕು, ಲೆನ್ಸ್ ಮುಚ್ಚಳ ತೆಗೆದಿರಬೇಕು. ಮೊದಲು ಮೇಲೆ-ಕೆಳಗಿನ ಅಕ್ಷ, ಆಮೇಲೆ ಪಕ್ಕಕ್ಕೆ ವಾಲುವುದು, ಕೊನೆಗೆ ಸುತ್ತುವುದು. ಮೋಟರ್ ಆರಿಸಿದಾಗ ಯಾವ ಕೋನಕ್ಕೆ ಬಿಟ್ಟರೂ ಕ್ಯಾಮೆರಾ ಅಲ್ಲೇ ನಿಂತರೆ ಸರಿ. ಜೂಮ್ ಮಾಡಿದರೆ ಲೆನ್ಸ್ ಒಳಗಿನ ಗಾಜು ಸರಿದು ಹೊಂದಾಣಿಕೆ ಕೆಡುತ್ತದೆ, ಉಂಗುರಕ್ಕೆ ಟೇಪ್ ಹಾಕಿ 70ಕ್ಕೆ ನಿಲ್ಲಿಸಬೇಕು. ಹುಡ್ ಬೇಡ, ಅದು ಗಾಳಿಗೆ ಹಾಯಿ. ಕ್ಯಾಮೆರಾ ಒಳಗಿನ ಸ್ಟೆಬಿಲೈಸೇಷನ್ ಆರಿಸಲೇಬೇಕು, ಇಲ್ಲವಾದರೆ ಒಂದೇ ಬಂಡಿಗೆ ಎರಡು ಕಡೆ ಎತ್ತು ಕಟ್ಟಿದಂತೆ ಅದೂ ಗಿಂಬಲ್ಲೂ ಎಳೆದಾಡುತ್ತವೆ. ಸೆಕೆಂಡಿಗೆ 25 ಚಿತ್ರ, ಶಟರ್ 1/50, ಐಎಸ್‌ಒ 100, ಅಪರ್ಚರ್ 5.6. ಆ ಬಿಸಿಲಿಗೆ ಎನ್‌ಡಿ-16.

ಕ್ಯಾಮೆರಾ ತಿರುಗಿಸುವವರು ತೊಟ್ಟಿಯಲ್ಲಿ ನಿಲ್ಲುವುದು ಬೇಡವೇ ಬೇಡ. ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು, 5 ಮೀಟರ್ ಎಚ್‌ಡಿಎಂಐ ತಂತಿಯ ತುದಿಯ ಮಾನಿಟರ್ ನೋಡುತ್ತ ಜಾಯ್‌ಸ್ಟಿಕ್‌ನಲ್ಲಿ ಆಡಿಸಿದರೆ ಸಾಕು. ಪೈಲಟ್‌ಗಳ ಪಕ್ಕದಲ್ಲೊಬ್ಬರು ವಾಕಿಟಾಕಿ ಹಿಡಿದು ‘ಹೊರಡಿ’, ‘ನಿಲ್ಲಿ’ ಎಂಬ ಎರಡೇ ಮಾತು ಆಡಬೇಕು. ಮೂರನೆಯ ಮಾತು ಬಂದರೆ ಗೊಂದಲ.

ಮೊದಲ ನಾಲ್ಕು ಓಟದಲ್ಲಿ ಮೂರರಲ್ಲಿ ನೆಲದ ಗೆರೆಯೇ ಸೊಟ್ಟ. ತುದಿಯಲ್ಲಿ ಗಾಡಿ ತಿರುಗಿಸಿದ ಕೂಡಲೇ ಮುಂದಿನ ಓಟಕ್ಕೆ ಹೊರಟದ್ದೇ ತಪ್ಪು. 15 ಮೀಟರ್ ತ್ರಿಜ್ಯದಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ತಿರುಗುವಾಗ ಗಿಂಬಲ್‌ನ ಸೆನ್ಸರ್‌ಗೆ ‘ಕೆಳಗೆ’ ಎಂಬ ದಿಕ್ಕೇ 12 ಡಿಗ್ರಿ ವಾಲಿದಂತೆ ತೋರುತ್ತದೆ. ತಿರುಗುವಿಕೆ ಅಳೆಯುವ ಗೈರೋ ತಡೆದು ನಿಲ್ಲಿಸಿದರೂ ನಿಧಾನಕ್ಕೆ ಮೋಸಹೋಗುತ್ತದೆ. ನಿಧಾನವಾಗಿ, ಅಗಲವಾಗಿ ತಿರುಗಿಸಿ, ಅರ್ಧ ನಿಮಿಷ ನಿಂತು ಹೊರಟ ಮೇಲೆ ಗೆರೆ ನೆಟ್ಟಗಾಯಿತು.

ಹತ್ತೂವರೆಯ ಮೇಲೆ ಉದ್ದ ಲೆನ್ಸ್ ಒಳಗಿಡಬೇಕು. ಕಾದ ಮಣ್ಣಿನ ಮೇಲೆ ಬಿಸಿಗಾಳಿ ಅಲೆಯಾಡಿ ದೂರದ ವಿಮಾನವೆಲ್ಲ ನೀರಿನಡಿಯ ಮೀನು.

ರಾತ್ರಿ ಮುದ್ದೆ, ಸೊಪ್ಪುಸಾರು. ಬ್ಯಾಟರಿ ಎರಡೂ ಹಳ್ಳಿಯ ಒಂದು ಮನೆಯ ಜಗಲಿಯಲ್ಲಿ ಚಾರ್ಜ್‌ಗೆ. ಪಂಪ್‌ಸೆಟ್ ಲೈನ್ ನಂಬಿ ಕೂತಿದ್ದರೆ ಬೆಳಗಾಗುತ್ತಿತ್ತು, ಅದು ಪಾಳಿಯ ಮೇಲೆ ಬರುವುದು.

ಭಾನುವಾರ

ಜನ ಬಂದರು. ಹಾಸನ, ಬೇಲೂರು, ಅರಸೀಕೆರೆ, ಸುತ್ತಲ ಹಳ್ಳಿಗಳಿಂದ. ಕಡಲೆಕಾಯಿ ಗಾಡಿ, ಐಸ್‌ಕ್ಯಾಂಡಿ ಗಾಡಿಯೂ ಬಂದವು. ಬೆಳಿಗ್ಗೆ 7ಕ್ಕೆ 4ಜಿಯಲ್ಲಿ ಮೇಲಕ್ಕೆ ಹೋಗುವ ವೇಗ 9 ಮೆಗಾಬಿಟ್ ಇದ್ದದ್ದು 11ಕ್ಕೆ 4ಕ್ಕೆ ಇಳಿಯಿತು. ಎಲ್ಲರ ಕೈಯಲ್ಲೂ ಫೋನು, ಎಲ್ಲರೂ ವೀಡಿಯೊ ಕಳಿಸುವವರೇ. ನೇರ ಪ್ರಸಾರಕ್ಕೆ ಬೆಳಗಿನ ವೇಗ ನೋಡಿ ಲೆಕ್ಕ ಹಾಕಿದವರು ಇಲ್ಲೇ ಮುಗ್ಗರಿಸುವುದು. ಕೆಟ್ಟ ಗಳಿಗೆಯ ವೇಗದ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಕಳಿಸಬಾರದು. 1080ರ ಆಸೆ ಬಿಟ್ಟು 720ಕ್ಕೆ ಇಳಿದು 2.5 ಮೆಗಾಬಿಟ್, ಕೀಫ್ರೇಮ್, ಅಂದರೆ ಪೂರ್ತಿ ಚಿತ್ರ, ಎರಡು ಸೆಕೆಂಡಿಗೊಂದು. ರೂಟರನ್ನು ಶಾಮಿಯಾನದ ನೆತ್ತಿಗೆ ಕಟ್ಟಿ, ಬೇರೆ ಕಂಪನಿಯ ಎರಡನೆಯ ಸಿಮ್ ಸಿದ್ಧವಾಗಿಟ್ಟದ್ದು ಎರಡು ಸಲ ಕಾಪಾಡಿತು. ಅಂದ ಹಾಗೆ, ಯೂಟ್ಯೂಬ್ ಚಾನೆಲ್‌ನಲ್ಲಿ ಮೊದಲ ಸಲ ನೇರ ಪ್ರಸಾರಕ್ಕೆ ಅರ್ಜಿ ಹಾಕಿದರೆ 24 ಗಂಟೆಯವರೆಗೂ ಕಾಯಿಸಬಹುದು. ಅದನ್ನು ಊರಲ್ಲೇ ಮುಗಿಸಿಕೊಂಡು ಹೊರಡಬೇಕು.

ಸ್ಥಳದಲ್ಲಿ ಉಳಿಸಿಕೊಳ್ಳುವ ಚಿತ್ರ ಮಾತ್ರ ಪೂರ್ತಿ 1080, ಕ್ಯಾಮೆರಾಗೆ 8 ಮೆಗಾಬಿಟ್. ಗಂಟೆಗೆ 3.6 ಜಿಬಿ, ಐದು ಕ್ಯಾಮೆರಾ ಎಂಟು ಗಂಟೆ ನಡೆದರೆ 144 ಜಿಬಿ. ಇದನ್ನು ಪೈನ ಎಸ್‌ಡಿ ಕಾರ್ಡಿಗೆ ಬರೆಯುವುದು ಬೇಡ. ಕೇಬಲ್ ಮೂಲಕ ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿಗೇ ಬರಲಿ. ಸದ್ದಿಗೆ ಪಿಟ್‌ನಲ್ಲಿ ತುಪ್ಪಳ ಹೊದಿಸಿದ ಒಂದೇ ಮೈಕ್, ವೆಬ್‌ಕ್ಯಾಮ್ ಮೈಕ್‌ಗಳೆಲ್ಲ ಬಂದ್. ಅವುಗಳಲ್ಲಿ ಗಾಳಿಯ ಭರಭರ ಬಿಟ್ಟು ಬೇರೇನೂ ಇರುವುದಿಲ್ಲ.

ಮಧ್ಯಾಹ್ನ ಎರಡಕ್ಕೆ ಗಾಳಿಚೀಲ ತಿರುಗಿತು, ಪಡುವಣ ಗಾಳಿ. ಈಗ ಏರುವುದೂ ಇಳಿಯುವುದೂ ಪಶ್ಚಿಮಾಭಿಮುಖ. ನೆಲಮಟ್ಟದ ಕ್ಯಾಮೆರಾ ತಪ್ಪು ತುದಿಯಲ್ಲಿ, ಪಿಕಪ್ ತಪ್ಪು ಅರ್ಧದಲ್ಲಿ. ಪೂರ್ವದ ತುದಿಗೆ ಮುಂಚೆಯೇ ಹೂತಿಟ್ಟಿದ್ದ ಒಂದು ಖಾಲಿ ಕೇಬಲ್ ಎಳೆ ಇದ್ದುದರಿಂದ ಡಬ್ಬಿ ಕಿತ್ತು ಅಲ್ಲಿ ಚುಚ್ಚಲು ಹದಿನೈದು ನಿಮಿಷ ಸಾಕಾಯಿತು. ಆ ಎಳೆ ಹೂಳುವಾಗ ದಂಡದ ಕೆಲಸ ಅಂದವರೇ ಈಗ ಓಡಿ ಹೋಗಿ ಚುಚ್ಚಿದ್ದು. ಪಿಕಪ್ ಪೂರ್ವದ ಅರ್ಧಕ್ಕೆ ಬಂದಿತು, ಕ್ಯಾಮೆರಾ ವಾಯುವ್ಯಕ್ಕೆ. ಬೆಳಕು ಈಗ ಎಡಗಡೆಯಿಂದ, ಬೆಳಗಿನಷ್ಟೇ ಚೆನ್ನ.

ಮೂರೂವರೆಗೆ ಮೋಟರ್ ಇಲ್ಲದ ಒಂದು ಗ್ಲೈಡರ್ ಬಿಸಿಗಾಳಿಯ ಕಂಬ ಹಿಡಿದು ಏರುತ್ತ ಏರುತ್ತ, ಇಳಿಸುವಾಗ ಗಾಳಿಗೆ ಸಿಕ್ಕಿ ಉತ್ತರದ ತೆಂಗಿನ ತೋಟದಾಚೆ ಮರೆಯಾಯಿತು. ಪೈಲಟ್ ತೋರಿಸಿದ ದಿಕ್ಕಿಗೆ ನಾಲ್ಕು ಹುಡುಗರು ಹೋಗಿ ಬರಿಗೈಲಿ ಬಂದರು. ಆಕಾಶದಲ್ಲಿ ದೂರ ಅಂದಾಜು ಮಾಡುವುದು ಯಾರ ಕಣ್ಣಿಗೂ ಸಾಧ್ಯವಿಲ್ಲ, ದಿಕ್ಕು ಮಾತ್ರ ಸಾಧ್ಯ. ಎರಡು ದಿಕ್ಕು ಸಿಕ್ಕರೆ ಜಾಗ ಸಿಕ್ಕಂತೆ. ಗಳದ ಮೇಲಿನ ಕ್ಯಾಮೆರಾದ ಚಿತ್ರವನ್ನೂ ಗಾಳಿಚೀಲದ ಕ್ಯಾಮೆರಾದ್ದನ್ನೂ ಒಂದೇ ಸೆಕೆಂಡಿಗೆ ನಿಲ್ಲಿಸಿ ನೋಡಿದರು. ಒಂದರಲ್ಲಿ ಅದು ಅಡ್ಡತಲೆಯ ತೆಂಗಿನ ಮರದ ಎಡಕ್ಕೆ ಮುಳುಗಿತ್ತು, ಇನ್ನೊಂದರಲ್ಲಿ ಪಂಪ್‌ಹೌಸಿನ ಮೂಲೆಗೆ ನೇರ. ಈ ವೆಬ್‌ಕ್ಯಾಮ್ ಅಡ್ಡಕ್ಕೆ ಕಾಣುವುದು ಸುಮಾರು 70 ಡಿಗ್ರಿ, ಅದನ್ನು 1,920 ಚುಕ್ಕೆಗಳಿಗೆ ಹಂಚಿದರೆ 300 ಮೀಟರ್ ದೂರದಲ್ಲಿ ಒಂದು ಚುಕ್ಕೆ ಅಂದರೆ ಒಂದು ಗೇಣು. ಲೆನ್ಸ್‌ನ ಸೊಟ್ಟ ಸೇರಿಸಿದರೂ ನಾಲ್ಕೈದು ಮೀಟರಿನ ತಪ್ಪು ಅಷ್ಟೇ. ಪ್ರತಿ ಕ್ಯಾಮೆರಾ ಬುಡದಿಂದ ಒಬ್ಬೊಬ್ಬರು ಆಯಾ ಗುರುತಿಗೆ ನೇರ ನಡೆದರು. ಇಬ್ಬರೂ ಎದುರಾದ ಜಾಗದಿಂದ ಹತ್ತು ಹೆಜ್ಜೆಯೊಳಗೆ, ಹುರುಳಿ ಹೊಲದಲ್ಲಿ ಗ್ಲೈಡರ್ ಬೆನ್ನು ಮೇಲಾಗಿ ಬಿದ್ದಿತ್ತು. ಒಂದು ರೆಕ್ಕೆಯ ತುದಿ ಮಾತ್ರ ಚೂರು. ಗಡಿಯಾರ ಐದೂ ಒಂದೇ ಆಗಿದ್ದರಿಂದ ಆದ ಕೆಲಸ ಇದು. ಅರ್ಧ ಸೆಕೆಂಡ್ ಆಚೀಚೆ ಆಗಿದ್ದರೂ ಗ್ಲೈಡರ್ ಅಷ್ಟರಲ್ಲಿ ಐದಾರು ಮೀಟರ್ ಮುಂದೆ ಹೋಗಿರುತ್ತದೆ.

ಐದೂವರೆಗೆ ಕೊನೆಯ ವಿಮಾನ ಇಳಿಯಿತು. ಕತ್ತಲಾಗುವ ಮೊದಲು ಕೇಬಲ್ ಎತ್ತಬೇಕು. ಎತ್ತುವಾಗ ಎಳೆಯಬಾರದು, ಸಾಲು ಬಿಡಿಸುತ್ತ ಹೋಗಿ ಎಂಟರ ಆಕಾರದಲ್ಲಿ ಸುತ್ತಬೇಕು. ಕನೆಕ್ಟರ್‌ಗೆ ಮಣ್ಣು ಹೋಗದಂತೆ ಪ್ಲಾಸ್ಟಿಕ್ ಚೀಲ, ರಬ್ಬರ್ ಬ್ಯಾಂಡ್. ಪೈಪಿನೊಳಗೆ ತೂರಿಸಿದ ಎಳೆ ಬಿಟ್ಟು ಉಳಿದದ್ದರ ಮೇಲೆಲ್ಲ ಗೊರಸಿನ ಗುರುತು. ಒಂದೂ ಕಡಿದಿರಲಿಲ್ಲ.

ಸೋಮವಾರ

ಚಿತ್ರಗಳ ಎರಡು ನಕಲು ಎರಡು ಬೇರೆ ಗಾಡಿಯಲ್ಲಿ. ಮರಳು ಚೀಲಗಳನ್ನು ಡ್ರೈವರಣ್ಣ ತಮ್ಮ ಮನೆ ಕಟ್ಟಡಕ್ಕೇ ಇಳಿಸಿಕೊಂಡರು. ಹೋಗುವ ದಾರಿಯಲ್ಲಿ ಕಾಳು ಮಂಡಿ. ಬಟ್ಟುಗಳ ಅಡಿಗೆ ಕರಗಿ ಅಂಟಿದ್ದ ಟ್ಯೂಬಿನ ರಬ್ಬರನ್ನು ಚಾಕುವಿನಲ್ಲಿ ಕೆರೆದು ಕೊಟ್ಟದ್ದಾಯಿತು. ಯಜಮಾನರು ತಕ್ಕಡಿಯ ಒಂದು ತಟ್ಟೆಗೆ ಒಂದು, ಇನ್ನೊಂದಕ್ಕೆ ಇನ್ನೊಂದು ಇಟ್ಟು ಮುಳ್ಳು ನಿಲ್ಲುವವರೆಗೆ ನೋಡಿ, ಆಮೇಲೆ ಜೋಳದ ಮೂಟೆಗೆ ಕೈಹಾಕಿದರು.